ಕ್ಯಾಪ್ಟನ್ ಮಾರ್ವೆಲ್ ಹಳೇ ಕಾಮಿಕ್ಸ್ ಕೂಡಿಡೋದು ಹೆಂಗೆ: ಮೈಸೂರು, ಮಂಡ್ಯ ಕಡೆಯಿಂದ ಶುರು ಮಾಡೋರಿಗೆ

2019ರಲ್ಲಿ ಸಿನಿಮಾ ಬಂದ್ಮೇಲೆ ಕ್ಯಾಪ್ಟನ್ ಮಾರ್ವೆಲ್ ಅಂದ್ರೆ ಯಾರು ಅಂತ ನಮ್ಮ ಕಡೆ ಸ್ಕೂಲ್ ಹುಡುಗ್ರಿಗೂ ಗೊತ್ತು, ಆದ್ರೆ ಅವಳ ಹಳೇ ಕಾಮಿಕ್ಸ್ ಕೊಂಡ್ಕೊಳ್ಳೋಣ ಅಂತ ಹೊರಟ್ರೆ ಮೊದಲನೇ ದಿನಾನೇ ತಲೆ ಕೆಡುತ್ತೆ. ಯಾಕಂದ್ರೆ ಅವಳ ಫಸ್ಟ್ ಇಶ್ಯೂ ಯಾವುದು ಅಂತ ನಾಲ್ಕು ಜನ ಕಲೆಕ್ಟರ್‌ಗಳನ್ನ ಕೇಳಿ, ನಾಲ್ಕು ಉತ್ತರ ಬರುತ್ತೆ, ತಮಾಷೆ ಏನಂದ್ರೆ ನಾಲ್ಕೂ ಒಂಥರಾ ಸರಿನೇ. ಸ್ಪೈಡರ್‌ಮ್ಯಾನ್‌ದು ಹಂಗಲ್ಲ, ಜೇಡ ಕಚ್ತು, ಚಿಕ್ಕಪ್ಪ ಸತ್ತ, ಒಂದೇ ಪುಸ್ತಕದಲ್ಲಿ ಎಲ್ಲಾ ಮುಗೀತು, ಆ ಪುಸ್ತಕ ಕೊಳ್ಳೋ ತಾಕತ್ತು ನಮಗಿಲ್ಲ, ಕಥೆ ಅಲ್ಲಿಗೆ ಖತಂ. ನಮ್ಮ ಕ್ಯಾಪ್ಟನ್ ಮಾರ್ವೆಲ್, ಅಂದ್ರೆ ಕ್ಯಾರಲ್ ಡ್ಯಾನ್ವರ್ಸ್ (ಅದೇ ಅವಳ ಅಸಲಿ ಹೆಸರು), ಕಂತು ಕಂತಲ್ಲಿ ಹುಟ್ಟಿದವಳು. ಒಂದೊಂದು ಕಂತೂ ಒಂದೊಂದು ಪುಸ್ತಕ, ಒಂದೊಂದಕ್ಕೂ ಬೇರೆ ಬೇರೆ ರೇಟು, ಅದಕ್ಕೇ ನಮ್ಮಂಥ ಸಂಬಳದೋರಿಗೂ ಇಲ್ಲಿ ಒಂದು ಜಾಗ ಇದೆ. ಯಾವ ಕಂತು ಯಾಕೆ ಮುಖ್ಯ ಅಂತ ತಿಳ್ಕೊಂಡು ಆಮೇಲೆ ದುಡ್ಡು ಬಿಚ್ಚಿ, ಇದೊಂದೇ ನಾನು ಹೇಳೋದು. ಉಳಿದಿದ್ದೆಲ್ಲ ಅದರ ವಿವರ.

ಮೊದಲು ಹೆಸರಿನ ರಗಳೆ. ಕ್ಯಾಪ್ಟನ್ ಮಾರ್ವೆಲ್ ಅನ್ನೋ ಹೆಸರು ಮೂಲದಲ್ಲಿ ಮಾರ್ವೆಲ್ ಕಂಪನಿದೇ ಅಲ್ಲ ಕಣ್ರೀ. 1940ರಲ್ಲಿ ಫಾಸೆಟ್ ಅನ್ನೋ ಪ್ರಕಾಶಕರು ತಂದಿದ್ದು, ಶಜಾಮ್ ಅಂದ ತಕ್ಷಣ ದೊಡ್ಡೋನಾಗೋ ಹುಡುಗನ ಕಥೆ. ಇದು ನಮ್ಮ ಸೂಪರ್‌ಮ್ಯಾನ್ ಕಾಪಿ ಅಂತ ಸೂಪರ್‌ಮ್ಯಾನ್ ಪ್ರಕಾಶಕರು ಕೋರ್ಟಿಗೆ ಹೋದ್ರು, ವರ್ಷಗಟ್ಟಲೆ ಎಳೆದಾಡಿ ಕೊನೆಗೆ 1953ರಲ್ಲಿ ಫಾಸೆಟ್‌ನೋರು ಅವನನ್ನ ನಿಲ್ಲಿಸಿಬಿಟ್ರು. ಹೆಸರು ಖಾಲಿ ಬಿದ್ದಿತ್ತು. 1967ರಲ್ಲಿ ಮಾರ್ವೆಲ್ ಕಂಪನಿ ಅದನ್ನ ಎತ್ತಿಕೊಂಡು ಮಾರ್-ವೆಲ್ ಅನ್ನೋ ಸೈನಿಕನಿಗೆ ಇಟ್ಟಿತು, ಅವನು ಕ್ರೀ ಅನ್ನೋ ಅನ್ಯಗ್ರಹದ ಜನಾಂಗದೋನು. ಟ್ರೇಡ್‌ಮಾರ್ಕ್ ಉಳೀಬೇಕು ಅಂದ್ರೆ ಆ ಹೆಸರಲ್ಲಿ ಆಗಾಗ ಪುಸ್ತಕ ಬರ್ತಾನೇ ಇರಬೇಕಲ್ಲ, ಹಂಗಾಗಿ ಮಾರ್-ವೆಲ್ 1982ರಲ್ಲಿ ಕ್ಯಾನ್ಸರ್ ಬಂದು ಸತ್ತ ಮೇಲೆ ಅದೇ ವರ್ಷ ಮೋನಿಕಾ ರಾಂಬೋ ಅನ್ನೋ ಹೆಂಗಸಿಗೆ ಹೆಸರು ಹೋಯ್ತು, ಆಮೇಲೆ ಇನ್ಯಾರ್‍ಯಾರಿಗೋ ಹೋಯ್ತು, ಕ್ಯಾರಲ್‌ಗೆ ಬಂದಿದ್ದು 2012ರಲ್ಲಿ. ಇದನ್ನ ಯಾಕೆ ಇಷ್ಟುದ್ದ ಹೇಳ್ದೆ ಅಂದ್ರೆ, ಕ್ಯಾಪ್ಟನ್ ಮಾರ್ವೆಲ್ ನಂಬರ್ ಒಂದು ಅಂತ ಹುಡುಕಿದ್ರೆ 1968ರದ್ದು, 2012ರದ್ದು, 2014ರದ್ದು, 2019ರದ್ದು ಎಲ್ಲಾ ಒಟ್ಟಿಗೆ ಬಂದು ಬೀಳುತ್ತೆ. ಹಂಗಾಗಿ ಯಾರ ಹತ್ರನೇ ಮಾತಾಡಿ, ಇಶ್ಯೂ ನಂಬರ್ ಜೊತೆ ವರ್ಷ ಹೇಳದೆ ವ್ಯಾಪಾರಕ್ಕೆ ಇಳೀಬೇಡಿ.

ಇನ್ನು ಕಂತುಗಳು. ಮೊದಲನೇದು ಮಾರ್ವೆಲ್ ಸೂಪರ್-ಹೀರೋಸ್ 13ನೇ ಇಶ್ಯೂ, ಮಾರ್ಚ್ 1968, ಬರೆದಿದ್ದು ರಾಯ್ ಥಾಮಸ್, ಚಿತ್ರ ಜೀನ್ ಕೋಲನ್. ಅವತ್ತು ಮಾಮೂಲಿ ಕಾಮಿಕ್ 12 ಸೆಂಟ್ ಇದ್ದಾಗ ಇದು 25 ಸೆಂಟ್, ಯಾಕಂದ್ರೆ ದಪ್ಪ ಪುಸ್ತಕ, ಒಳಗೆ ಅರ್ಧಕ್ಕಿಂತ ಜಾಸ್ತಿ ಹಳೇ ಕಥೆಗಳ ಮರುಮುದ್ರಣ ತುಂಬಿದ್ರು. ಕವರ್ ಮೇಲೆ ಮೆರೆಯೋನು ಮಾರ್-ವೆಲ್, ಕ್ಯಾರಲ್ ಒಳಗೆ ಎಲ್ಲೋ ರಾಕೆಟ್ ಬೇಸ್‌ನ ಸೆಕ್ಯುರಿಟಿ ಚೀಫ್ ಆಗಿ ಬರ್ತಾಳೆ. ಪವರ್ ಇಲ್ಲ, ಹಾರಾಟ ಇಲ್ಲ, ಹೀರೋ ಮೇಲೆ ಅನುಮಾನ ಪಡೋದೇ ಕೆಲಸ. ಆದ್ರೂ 1968ರಲ್ಲಿ ಒಬ್ಬ ಹೆಂಗಸನ್ನ ಮಿಲಿಟರಿ ಬೇಸಿನ ಭದ್ರತೆಗೆ ಮುಖ್ಯಸ್ಥೆ ಮಾಡಿ ತೋರಿಸಿದ್ದು ಸಣ್ಣ ವಿಷಯ ಅಲ್ಲ ಅಂತ ನನಗನ್ಸುತ್ತೆ, ಆ ಕಾಲದ ಬೇರೆ ಕಾಮಿಕ್ಸಲ್ಲಿ ಹೆಚ್ಚಿನ ಹೆಂಗಸರು ಸೆಕ್ರೆಟರಿ ಇಲ್ಲಾಂದ್ರೆ ಹೀರೋನ ಗರ್ಲ್‌ಫ್ರೆಂಡು, ಅಷ್ಟೇ. ಅವಳ ಪುಸ್ತಕಗಳಲ್ಲೆಲ್ಲ ಕಾಸ್ಟ್ಲಿ ಇದೇ. ಇದನ್ನ ಕೊನೆಗೆ ಇಟ್ಕೊಳ್ಳಿ.

ಎರಡನೇ ಕಂತು ನನಗೆ ತುಂಬಾ ಇಷ್ಟ ಆಗೋದು. ಕ್ಯಾಪ್ಟನ್ ಮಾರ್ವೆಲ್ 18ನೇ ಇಶ್ಯೂ, ನವೆಂಬರ್ 1969. ಇದರಲ್ಲಿ ಸೈಕೀ-ಮ್ಯಾಗ್ನಿಟ್ರಾನ್ ಅನ್ನೋ ಕ್ರೀ ಯಂತ್ರ ಸ್ಫೋಟ ಆಗುತ್ತೆ, ಮಾರ್-ವೆಲ್ ಕ್ಯಾರಲ್‌ನ ಕಾಪಾಡ್ತಾನೆ, ಅವಳು ಗಾಯ ಆಗಿ ಪಕ್ಕಕ್ಕೆ ಹೋಗ್ತಾಳೆ, ಅಷ್ಟೇ ಕಥೆ. ಅವತ್ತು ಓದಿದೋರಿಗೆ ಇದು ಹುಟ್ಟಿನ ಕಥೆ ಅಂತ ಗೊತ್ತೇ ಇಲ್ಲ, ಬರೆದೋರಿಗೂ ಆ ಯೋಚನೆ ಇರಲಿಲ್ಲ. ಎಂಟು ವರ್ಷ ಆದ್ಮೇಲೆ, 1977ರ ಸರಣಿಯಲ್ಲಿ, ಆ ಸ್ಫೋಟದ ಹೊತ್ತಲ್ಲೇ ಯಂತ್ರದ ವಿಕಿರಣ ಮಾರ್-ವೆಲ್‌ನ ಕ್ರೀ ಗುಣವನ್ನ ಇವಳ ಮೈಗೆ ಸೇರಿಸಿಬಿಟ್ಟಿತ್ತು ಅಂತ ಹಿಂದಕ್ಕೆ ಹೋಗಿ ಹೇಳಿದ್ರು. ಅಂದ್ರೆ ಒಂದು ಸಾಧಾರಣ ಇಶ್ಯೂ ಯಾರದೋ ಟ್ರಂಕಲ್ಲಿ ಬಿದ್ದಿದ್ದಾಗಲೇ ಮುಖ್ಯ ಇಶ್ಯೂ ಆಗೋಯ್ತು. ಹಿಂಗೆ ಹಿಂದಿನಿಂದ ಬೆಲೆ ಬರೋ ಪುಸ್ತಕಗಳನ್ನ ಗುರುತು ಹಿಡಿಯೋದೇ ಈ ಹವ್ಯಾಸದ ಮಜಾ. ಅದಕ್ಕೆ ಕಥೆ ಓದಿರಬೇಕು, ಬೇರೆ ದಾರಿ ಇಲ್ಲ.

ಮೂರನೇದು ಎಲ್ಲರಿಗೂ ಗೊತ್ತಿರೋದು, ಮಿಸ್ ಮಾರ್ವೆಲ್ 1ನೇ ಇಶ್ಯೂ, ಜನವರಿ 1977, ಬೆಲೆ 30 ಸೆಂಟ್, ಜೆರ್ರಿ ಕಾನ್ವೇ ಬರಹ, ಜಾನ್ ಬುಸೀಮಾ ಚಿತ್ರ. ಅಮೆರಿಕದಲ್ಲಿ ಮಹಿಳಾ ಚಳವಳಿ ಜೋರಾಗಿದ್ದ ಟೈಮು, ಸರಣಿಯ ಹೆಸರಲ್ಲೇ ಅದರ ಗಾಳಿ ಇದೆ, ಇಲ್ಲಿ ಮಿಸ್ ಅಂದ್ರೆ Miss ಅಲ್ಲ, Ms., ಹೆಂಗಸಿಗೆ ಮದುವೆ ಆಗಿದ್ಯೋ ಇಲ್ವೋ ಅಂತ ಹೇಳದ ಸಂಬೋಧನೆ. ಕ್ಯಾರಲ್ ಇಲ್ಲಿ ಒಂದು ಮಹಿಳಾ ಪತ್ರಿಕೆಯ ಎಡಿಟರ್, ಅವಳ ಬಾಸ್ ಯಾರು ಗೊತ್ತಾ, ಸ್ಪೈಡರ್‌ಮ್ಯಾನ್‌ಗೆ ಬೈಯೋ ಅದೇ ಜೇಮ್ಸನ್, ಆತನಿಗೆ ಪತ್ರಿಕೆಯಲ್ಲಿ ಅಡುಗೆ, ಫ್ಯಾಶನ್ನು ಬರಬೇಕು, ಇವಳು ಒಪ್ಪಲ್ಲ, ಸಂಬಳನೂ ಜಾಸ್ತಿ ಕೇಳ್ತಾಳೆ. 3ನೇ ಇಶ್ಯೂಯಿಂದ ಕ್ರಿಸ್ ಕ್ಲೇರ್‌ಮಾಂಟ್ ಬರೆಯೋಕೆ ಶುರು ಮಾಡಿದ್ರು, ಕಥೆಗೆ ಜೀವ ಬಂದಿದ್ದು ಅಲ್ಲಿಂದ. ಏಪ್ರಿಲ್ 1979ಕ್ಕೆ 23ನೇ ಇಶ್ಯೂಗೆ ನಿಂತೋಯ್ತು. ತಯಾರಾಗಿದ್ದ ಮುಂದಿನ ಕಥೆಗಳು ಓದುಗರ ಕೈಗೆ ಸಿಕ್ಕಿದ್ದು 1992ರಲ್ಲಿ, ಬೇರೆ ಪತ್ರಿಕೆ ಮೂಲಕ. ಒಟ್ಟು 23 ಅಂದ್ರೆ ಪೂರ್ತಿ ಸೆಟ್ ಮಾಡೋಕೆ ಆಗೋ ಅಂಥದ್ದು. ಕಷ್ಟಪಟ್ರೆ ಮುಗಿಯುತ್ತೆ ಅನ್ನೋ ಸೆಟ್ಟುಗಳು ಕಾಮಿಕ್ಸಲ್ಲಿ ಕಮ್ಮಿ, ಹೊಸಬರಿಗೆ ನಾನು ಈ ಸೆಟ್ಟನ್ನೇ ಹೇಳೋದು.

ಈ 23ರಲ್ಲಿ ಕಣ್ಣಿಡಬೇಕಾದವು ಕೆಲವಿವೆ. 18ನೇದರಲ್ಲಿ ಮಿಸ್ಟಿಕ್ ಪೂರ್ತಿಯಾಗಿ ಕಾಣಿಸ್ಕೊಳ್ತಾಳೆ, ಅದೇ ಎಕ್ಸ್-ಮೆನ್ ಸಿನಿಮಾಗಳ ನೀಲಿ ಹೆಂಗಸು, 16ನೇದರಲ್ಲಿ ಸಣ್ಣ ಇಣುಕು ಅಷ್ಟೇ. ಹಂಗಾಗಿ 18ಕ್ಕೆ ಎಕ್ಸ್-ಮೆನ್ ಕಲೆಕ್ಟರ್‌ಗಳೂ ಬಂದು ಮುಗಿಬೀಳ್ತಾರೆ, ರೇಟು ಏರೋದು ಅದಕ್ಕೆ. 20ನೇದರಲ್ಲಿ ಡೇವ್ ಕಾಕ್ರಮ್ ಮಾಡಿದ ಹೊಸ ಡ್ರೆಸ್ಸು, ಕಪ್ಪು ಬಟ್ಟೆ, ಎದೆ ಮೇಲೆ ಮಿಂಚು, ಸೊಂಟಕ್ಕೆ ಕೆಂಪು ಪಟ್ಟಿ. ಅದೇ ಡ್ರೆಸ್ಸು ಮುಂದೆ ದಶಕಗಳ ಕಾಲ ಅವಳ ಗುರುತಾಯ್ತು. ಇನ್ನೊಂದು ಗುಟ್ಟು: 1977ರ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾರ್ವೆಲ್‌ನೋರು ಬೆಲೆ ಏರಿಸಿದ್ರೆ ಜನ ಕೊಳ್ತಾರಾ ಅಂತ ನೋಡೋಕೆ ಕೆಲವೇ ಊರುಗಳಲ್ಲಿ 30ರ ಬದಲು 35 ಸೆಂಟ್ ಹಾಕಿ ಮಾರಿದ್ರು. ಮಿಸ್ ಮಾರ್ವೆಲ್‌ನಲ್ಲಿ ಅದು 6ರಿಂದ 10ನೇ ಇಶ್ಯೂವರೆಗೆ ಬರುತ್ತೆ. ಈ 35 ಸೆಂಟ್ ಪ್ರತಿಗಳು ಅಪರೂಪ, 30ರದ್ದಕ್ಕೆ ಎಷ್ಟೋ ಪಟ್ಟು ಬೆಲೆ. ಆದ್ರೆ 11ನೇ ಇಶ್ಯೂಯಿಂದ ಎಲ್ಲದಕ್ಕೂ 35 ಸೆಂಟೇ, ಅಲ್ಲಿ ಅದಕ್ಕೇನೂ ವಿಶೇಷ ಇಲ್ಲ, 35 ಸೆಂಟ್ ವೇರಿಯಂಟ್ ಅಂತ 14ನೇ ಇಶ್ಯೂನ ತಲೆಗೆ ಕಟ್ಟೋಕೆ ಬಂದ್ರೆ ನಗ್ತಾ ಎದ್ದು ಬನ್ನಿ.

ಅಲ್ಲಿಂದ ಮುಂದಿನದು ಸ್ವಲ್ಪ ಕಹಿ ಕಥೆ. 1980ರ ಅವೆಂಜರ್ಸ್ 200ನೇ ಇಶ್ಯೂನಲ್ಲಿ ಅವಳನ್ನ ನಡೆಸಿಕೊಂಡ ರೀತಿಗೆ ಓದುಗರು ಆಗಲೇ ಸಿಟ್ಟಾಗಿದ್ರು, ಮನಸ್ಸನ್ನ ವಶ ಮಾಡ್ಕೊಂಡು ಬಸುರು ಮಾಡಿದವನ ಜೊತೆಗೇ ಅವಳನ್ನ ಕಳಿಸಿ ಗೆಳೆಯರೆಲ್ಲ ಕೈ ಬೀಸ್ತಾರೆ. ಕ್ಲೇರ್‌ಮಾಂಟ್‌ಗೂ ತಡೆಯಲಿಲ್ಲ ಅನ್ಸುತ್ತೆ, 1981ರ ಅವೆಂಜರ್ಸ್ ಆನ್ಯುಯಲ್ (ವಾರ್ಷಿಕ ವಿಶೇಷ ಸಂಚಿಕೆ) 10ರಲ್ಲಿ ಕ್ಯಾರಲ್ ವಾಪಸ್ ಬಂದು ಆ ಗೆಳೆಯರನ್ನ ಎದುರಿಗೇ ನಿಲ್ಲಿಸಿ ಕೇಳ್ತಾಳೆ, ನೀವ್ಯಾಕೆ ಒಬ್ಬರೂ ಯೋಚನೆ ಮಾಡಲಿಲ್ಲ ಅಂತ. ಚಿತ್ರ ಮೈಕಲ್ ಗೋಲ್ಡನ್‌ದು, ನನ್ನ ಪ್ರಕಾರ ಅವಳ ಎಲ್ಲಾ ಪುಸ್ತಕಗಳಲ್ಲಿ ಬೆಸ್ಟ್ ಇದು. ಅದೇ ಪುಸ್ತಕದಲ್ಲಿ ಮುಂದೆ ಎಕ್ಸ್-ಮೆನ್ ಸೇರೋ ರೋಗ್ ಅನ್ನೋ ಹುಡುಗಿ ಮೊದಲ ಸಲ ಬಂದು ಕ್ಯಾರಲ್‌ನ ಪವರನ್ನೂ ನೆನಪನ್ನೂ ಹೀರಿಕೊಂಡುಬಿಡ್ತಾಳೆ, ಆದ್ದರಿಂದ ಮಾರ್ಕೆಟಲ್ಲಿ ಇದನ್ನ ರೋಗ್‌ಳ ಫಸ್ಟ್ ಅಂತಲೇ ಮಾರ್ತಾರೆ.

ಅವಳ ಕಾಸ್ಮಿಕ್ ಪವರು, ಅಂದ್ರೆ ಬ್ರಹ್ಮಾಂಡದ ಮಟ್ಟದ ಶಕ್ತಿ, ನಿಜವಾಗಿ ಶುರುವಾಗೋದು ಅನ್‌ಕ್ಯಾನಿ ಎಕ್ಸ್-ಮೆನ್ 164ರಲ್ಲಿ, ಡಿಸೆಂಬರ್ 1982, 60 ಸೆಂಟ್. ಬ್ರೂಡ್ ಅನ್ನೋ ಅನ್ಯಗ್ರಹದ ಜೀವಿಗಳು ಅವಳ ಮೇಲೆ ಪ್ರಯೋಗ ಮಾಡೋಕೆ ಹೋಗಿ ಅದು ತಿರುಗುಬಾಣ ಆಗುತ್ತೆ, ಅವಳು ವೈಟ್ ಹೋಲ್ ಒಂದರ ಶಕ್ತಿಗೆ ಕನೆಕ್ಟ್ ಆಗಿ ಬೈನರಿ ಆಗ್ತಾಳೆ, ಮೈ ಕೆಂಪಗೆ, ಕೂದಲು ಬೆಂಕಿ. ಸಿನಿಮಾ ಕೊನೆಯಲ್ಲಿ ಅವಳು ಉರೀತಾ ಹಾರೋದು ಈ ಬೈನರಿ ರೂಪದ ನೆರಳೇ. ಎಕ್ಸ್-ಮೆನ್ ಆ ಕಾಲಕ್ಕೆ ಭಾರಿ ಓಡ್ತಿದ್ದ ಪುಸ್ತಕ, ಪ್ರತಿಗಳು ತುಂಬಾ ಉಳಿದಿವೆ, ಅದಕ್ಕೇ ಇಷ್ಟು ಮುಖ್ಯ ಇಶ್ಯೂ ಆದ್ರೂ ಮಿಕ್ಕವಕ್ಕೆ ಹೋಲಿಸಿದ್ರೆ ಅಗ್ಗ. ಒಂದೇ ಒಂದು ಹಳೇ ಪುಸ್ತಕ ಕೊಳ್ತೀನಿ ಅನ್ನೋರಿಗೆ ನಾನು ತೋರಿಸೋದು ಇದನ್ನೇ.

1998ರಲ್ಲಿ ವಾರ್‌ಬರ್ಡ್ ಅಂತ ಹೆಸರು ಬದಲಾಯ್ತು, ಕುಡಿತದ ಚಟದ ಕಥೆ ಬಂತು, ಅವನ್ನ ಓದಿ ಸಾಕು, ಕೂಡಿಡೋಕೆ ಆತುರ ಬೇಡ. 2006ರಲ್ಲಿ ಮತ್ತೆ ಮಿಸ್ ಮಾರ್ವೆಲ್. ಆಮೇಲೆ 2012ರ ಕ್ಯಾಪ್ಟನ್ ಮಾರ್ವೆಲ್ 1, ಬರಹ ಕೆಲಿ ಸೂ ಡಿಕಾನಿಕ್, ಡ್ರೆಸ್ ಡಿಸೈನ್ ಜೇಮಿ ಮೆಕೆಲ್ವಿ. ಈಜುಡುಗೆ ತರದ್ದು ಹೋಗಿ ಪೈಲಟ್ ಯೂನಿಫಾರ್ಮ್ ತರದ್ದು ಬಂತು, ಸಿನಿಮಾದಲ್ಲಿ ನೋಡಿದ್ದು ಇದನ್ನೇ. ಆ ಸರಣಿಯ ಸುತ್ತ ಕ್ಯಾರಲ್ ಕೋರ್ ಅಂತ ಅಭಿಮಾನಿಗಳ ಒಂದು ದಂಡೇ ಕಟ್ಟಿಕೊಂಡ್ತು, ಅದರಲ್ಲಿ ಹೆಂಗಸರೇ ಜಾಸ್ತಿ. ಇದೇ ಸರಣಿಯಲ್ಲಿ 2013ರಲ್ಲಿ ಕಮಲಾ ಖಾನ್ ಸಣ್ಣದಾಗಿ ಕಾಣಿಸ್ಕೊಳ್ತಾಳೆ, 2014ರಲ್ಲಿ ಅವಳು ಹೊಸ ಮಿಸ್ ಮಾರ್ವೆಲ್ ಆದ್ಲು, ಹಂಗಾಗಿ ಈ ಸರಣಿಯ ಬಿಡಿ ಪ್ರತಿಗಳನ್ನ ಅಗ್ಗಕ್ಕೆ ಸಿಕ್ರೆ ಬಿಡಬೇಡಿ.

2018ರ ಐದು ಇಶ್ಯೂಗಳ ಇನ್ನೊಂದು ಸರಣಿ ಹುಟ್ಟಿನ ಕಥೇನೇ ತಿರುಗಿಸಿ ಹಾಕ್ತು: ಅವಳ ಅಮ್ಮನೇ ಕ್ರೀ ಜನಾಂಗದವಳು, ಶಕ್ತಿ ರಕ್ತದಲ್ಲೇ ಇತ್ತು, ಸ್ಫೋಟ ಅದನ್ನ ಎಬ್ಬಿಸಿತು ಅಷ್ಟೇ ಅಂತ. ಗಂಡಸೊಬ್ಬನಿಂದ ಬಂದ ಪವರು ಅನ್ನೋ ಹಳೇ ಕೊಂಕು ಇದರಿಂದ ಹೋಯ್ತು, ಆದ್ರೆ ಹಳೇ ಓದುಗರಲ್ಲಿ ಕೆಲವರಿಗೆ ಇಷ್ಟ ಆಗಲಿಲ್ಲ. ನನಗೆ ಇಷ್ಟ ಆಯ್ತು. ಮರುವರ್ಷ ಬಂದ ಸಿನಿಮಾದಲ್ಲಿ ಮಾರ್-ವೆಲ್ ಅನ್ನೋಳೇ ಹೆಂಗಸು, ಅದು ಮತ್ತೊಂದು ಕಂತು ಅಂತಿಟ್ಕೊಳ್ಳಿ.

ಈಗ ಕೊಳ್ಳೋ ವಿಷಯ. ಮೈಸೂರಲ್ಲಿ ಅಂಗಡಿಗೆ ಹೋಗಿ 1977ರ ಮಿಸ್ ಮಾರ್ವೆಲ್ ಕೊಡಿ ಅಂದ್ರೆ ಸಿಗಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಹಳೇ ಪುಸ್ತಕದ ಅಂಗಡಿ, ಗುಜರಿ ಅಂಗಡಿಗಳಲ್ಲಿ ಸಿಗೋದು ಚಂದಮಾಮ, ಟಿಂಕಲ್, ಅಮರ ಚಿತ್ರಕಥೆ, ಅದೃಷ್ಟ ಇದ್ರೆ ಇಂದ್ರಜಾಲ ಕಾಮಿಕ್ಸು. ಇಂದ್ರಜಾಲ ಕನ್ನಡದಲ್ಲೂ ಬರ್ತಿತ್ತಲ್ಲ, ಆ ಕನ್ನಡ ಪ್ರತಿಗಳಿಗೇ ಹುಡುಕೋ ಜನ ಬೇರೆ ಇದ್ದಾರೆ, ಕಂಡ್ರೆ ಎತ್ತಿಟ್ಕೊಳ್ಳಿ. ಆಗೊಮ್ಮೆ ಈಗೊಮ್ಮೆ ವಿದೇಶದಲ್ಲಿದ್ದು ವಾಪಸ್ ಬಂದೋರ ಮನೆ ಖಾಲಿ ಮಾಡುವಾಗ ಅಮೆರಿಕನ್ ಕಾಮಿಕ್ಸ್ ಕಟ್ಟು ಕಟ್ಟಾಗಿ ರದ್ದಿಗೆ ಬೀಳುತ್ತೆ, ಗುಜರಿಯವನ ಹತ್ರ ಫೋನ್ ನಂಬರ್ ಕೊಟ್ಟು, ಇಂಗ್ಲಿಷ್ ಚಿತ್ರದ ಪುಸ್ತಕ ಬಂದ್ರೆ ಹೇಳಪ್ಪ ಅಂತ ಒಂದು ಟೀ ಕುಡಿಸಿ ಬಂದಿರಿ. ಬೆಲೆ ಸೆಂಟ್ ಬದಲು ಪೆನ್ಸ್ ಅನ್ನೋ ಬ್ರಿಟಿಷ್ ಚಿಲ್ಲರೆ ಲೆಕ್ಕದಲ್ಲಿ ಇದ್ರೆ ಗಾಬರಿ ಆಗ್ಬೇಡಿ, ಬ್ರಿಟನ್ ಮಾರ್ಕೆಟ್ಟಿಗೆ ಅಂತ ಅದೇ ಪ್ರೆಸ್ಸಲ್ಲಿ ಬೆಲೆ ಮಾತ್ರ ಬದಲಾಯಿಸಿ ಹೊಡೆದಿದ್ದು. ರೂಪಾಯಿ ಬೆಲೆ ಇದ್ರೆ ಅದು ಗೋಥಮ್ ಕಾಮಿಕ್ಸ್ ತರದೋರು ಇಲ್ಲೇ ಮಾಡಿದ ಭಾರತೀಯ ಮುದ್ರಣ, ಓದೋಕೆ ಚೆನ್ನಾಗಿರುತ್ತೆ, ಒರಿಜಿನಲ್ ಅಲ್ಲ.

ಬೆಂಗಳೂರಿಗೆ ಹೋಗೋರು ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದ ಅಂಗಡಿಗಳನ್ನ, ಕಾಮಿಕ್ ಕಾನ್ ಅನ್ನೋ ಕಾಮಿಕ್ಸ್ ಜಾತ್ರೆ ನಡೆಯೋ ವಾರಾಂತ್ಯವನ್ನ ಬಿಡಬೇಡಿ. ಬೆಳಗ್ಗೆ ಟ್ರೈನಿಗೆ ಹೋಗಿ ರಾತ್ರಿ ಚಾಮುಂಡಿ ಎಕ್ಸ್‌ಪ್ರೆಸ್‌ಗೆ ವಾಪಸ್ ಬರಬಹುದು. ಆದ್ರೆ ಸ್ಟಾಲ್‌ನಲ್ಲಿ ಹೊಳೆಯೋ ವೇರಿಯಂಟ್ ಕವರ್ ನೋಡಿ ಜೇಬು ಖಾಲಿ ಮಾಡ್ಕೋಬೇಡಿ. ಒಂದೇ ಕಥೆಗೆ ಹತ್ತು ಹದಿನೈದು ಕವರ್ ಮಾಡಿ ಬಿಡೋದು ಈಗಿನ ವ್ಯಾಪಾರ, ಅವುಗಳಲ್ಲಿ ಕಥೆ ತಿರುಗೋದಿಲ್ಲ, ಫಾಯಿಲ್ ಮಾತ್ರ ಹೊಳೆಯೋದು.

ಉಳಿದಿದ್ದು ಆನ್‌ಲೈನ್. ಇಲ್ಲಿ ಬೆಲೆ ನೋಡೋ ಕ್ರಮ ಒಂದಿದೆ: ಮಾರೋನು ಎಷ್ಟು ಕೇಳ್ತಿದಾನೆ ಅನ್ನೋದು ಬೆಲೆ ಅಲ್ಲ, ಅದೇ ಗ್ರೇಡಿನ (ಪುಸ್ತಕ ಎಷ್ಟು ಚೆನ್ನಾಗಿದೆ ಅನ್ನೋದಕ್ಕೆ ಕೊಡೋ ನಂಬರು) ಪ್ರತಿ ಇತ್ತೀಚೆಗೆ ಎಷ್ಟಕ್ಕೆ ಮಾರಾಟ ಆಗಿದೆ ಅನ್ನೋದು ಬೆಲೆ. ಈಬೇನಲ್ಲಿ ಮಾರಾಟವಾದವನ್ನ ಮಾತ್ರ ತೋರಿಸೋ ಫಿಲ್ಟರ್ ಇದೆ, ಹಾಕ್ಕೊಂಡು ನೋಡಿ. ಗ್ರ್ಯಾಂಡ್ ಕಾಮಿಕ್ಸ್ ಡೇಟಾಬೇಸ್ ಫ್ರೀ, ಕವರ್ ಚಿತ್ರ, ಬೆಲೆ, ಬರೆದೋರು ಎಲ್ಲಾ ಅಲ್ಲಿರುತ್ತೆ, ಕಳಿಸಿದ ಫೋಟೋ ಜೊತೆ ಹೋಲಿಸೋಕೆ ಬೇಕೇ ಬೇಕು. ಸಿನಿಮಾ ಸುದ್ದಿ ಬಂದ ವಾರ ಮಾತ್ರ ಕೊಳ್ಬೇಡಿ. ಅನೌನ್ಸ್ ಆದಾಗ ಏರುತ್ತೆ, ಟ್ರೇಲರ್‌ಗೆ ಇನ್ನೂ ಏರುತ್ತೆ, ರಿಲೀಸ್ ಆಗಿ ಜನ ಮರೆತ ಮೇಲೆ ಇಳಿಯುತ್ತೆ. ಅವಳ ಸಿನಿಮಾ 2014ರಲ್ಲಿ ಅನೌನ್ಸ್ ಆಗಿ 2019ರಲ್ಲಿ ಬಂತು, ನಡುವಿನ ಐದು ವರ್ಷ ಮಾರೋರ ಕಾಲ. ಕೊಳ್ಳೋರ ಕಾಲ ಆಮೇಲಿಂದು.

ಫೋಟೋ ಕೇಳೋದಕ್ಕೆ ನಾಚಿಕೆ ಬೇಡ. ಮುಂದೆ, ಹಿಂದೆ, ಸ್ಪೈನ್ (ಪಿನ್ ಹೊಡೆದ ಬೆನ್ನಿನ ಅಂಚು) ಹತ್ತಿರದಿಂದ, ನಡುವಿನ ಪುಟ ಪಿನ್ ಕಾಣೋ ಹಂಗೆ, ಇಷ್ಟು ಇಲ್ಲದೆ ದುಡ್ಡು ಕಳಿಸಬೇಡಿ. ಪಿನ್ನು ತುಕ್ಕು ಹಿಡಿದಿದ್ಯಾ, ನಡುವಿನ ಹಾಳೆ ಕಿತ್ತು ಬಂದಿದ್ಯಾ, ಒಳಗೆ ಕೂಪನ್ ಕತ್ತರಿಸಿಕೊಂಡಿದಾರಾ, ಯಾವನಾದ್ರೂ ಹುಡುಗ ಪೆನ್ನಲ್ಲಿ ಹೆಸರು ಬರೆದಿದಾನಾ, ಲೈಬ್ರರಿ ಸೀಲ್ ಇದ್ಯಾ ನೋಡಿ. ಬೆಳಕನ್ನ ಓರೆಯಾಗಿ ಹಿಡಿದು ತೆಗೆದ ಫೋಟೋದಲ್ಲಿ ಮಡಿಕೆಗಳು ಎದ್ದು ಕಾಣ್ತವೆ, ನೇರ ಬೆಳಕಲ್ಲಿ ಮುಚ್ಚಿಹೋಗ್ತವೆ. ಕಪ್ಪು ಬಣ್ಣ ಜಾಸ್ತಿ ಇರೋ ಕವರಲ್ಲಿ ಸ್ಪೈನ್ ಸವೆದ ಕಡೆ ಮಾರ್ಕರ್ ಹಚ್ಚಿ ಮುಚ್ಚೋರಿದಾರೆ, ಕವರ್‌ನ ಒಳಮೈ ಫೋಟೋ ಕೇಳಿ, ಇಂಕ್ ಅಲ್ಲಿಗೆ ಇಳಿದಿರುತ್ತೆ. ನಮ್ಮ ಕಡೆ ಮನೆಯಲ್ಲಿ ಮಕ್ಕಳ ಕಾಮಿಕ್ಸನ್ನೆಲ್ಲ ಒಟ್ಟು ಸೇರಿಸಿ ಬೈಂಡ್ ಮಾಡಿಸೋ ರೂಢಿ ಇತ್ತು, ಬೈಂಡರ್ ಮೂರೂ ಕಡೆ ಕತ್ತರಿಸಿ ಬಿಸಾಕಿರ್ತಾನೆ, ಅಂಥದ್ದು ಕಲೆಕ್ಟರ್ ಲೆಕ್ಕಕ್ಕೆ ಹೋಯ್ತು ಅಂತಲೇ. ಆದ್ರೆ ಓದೋದಕ್ಕೆ ಅದರಷ್ಟು ಸುಖ ಇನ್ನೊಂದಿಲ್ಲ, ಸಿಕ್ರೆ ಕೊಂಡ್ಕೊಳ್ಳಿ.

ಒರಿಜಿನಲ್ಲಾ ಮರುಮುದ್ರಣಾನಾ ಅಂತ ನೋಡೋಕೆ ಒಳಗೆ ಮೊದಲ ಪುಟದ ತಳದಲ್ಲೋ ಕವರ್ ಒಳಗೋ ಸಣ್ಣ ಅಕ್ಷರದಲ್ಲಿ ಪ್ರಕಾಶನದ ವಿವರ ಇರುತ್ತೆ, ತಿಂಗಳು ವರ್ಷ ಅಲ್ಲಿರುತ್ತೆ. ಫ್ಯಾಸಿಮಿಲಿ ಎಡಿಷನ್ ಅಂತ ಮಾರ್ವೆಲ್‌ನೋರೇ ಹಳೇ ಇಶ್ಯೂನ ಜಾಹೀರಾತು ಸಮೇತ ಹಂಗಂಗೇ ಮತ್ತೆ ಹೊಡೀತಾರೆ, ಟ್ರೂ ಬಿಲೀವರ್ಸ್ ಅಂತ ಒಂದು ಡಾಲರ್‌ದೂ ಬಂದಿವೆ, ಇವುಗಳಲ್ಲಿ ಮೋಸ ಏನಿಲ್ಲ, ಮಾರೋನು ಹೇಳದೆ ಮಾರಿದ್ರೆ ಅದು ಮೋಸ. ಕಾಗದ ಮುಟ್ಟಿದ್ರೇ ಗೊತ್ತಾಗುತ್ತೆ, ಎಪ್ಪತ್ತರ ದಶಕದ್ದು ನ್ಯೂಸ್‌ಪ್ರಿಂಟ್, ಅಂಚು ಹಳದಿ ತಿರುಗಿರುತ್ತೆ, ಬಣ್ಣ ಚುಕ್ಕೆ ಚುಕ್ಕೆ. ಹೊಸದು ಬೆಳ್ಳಗೆ ನುಣ್ಣಗೆ. ಇನ್ನೊಂದು, ಕವರ್ ಮೇಲಿನ ತಿಂಗಳು ನಿಜವಾಗಿ ಅಂಗಡಿಗೆ ಬಂದ ತಿಂಗಳಲ್ಲ, ಎರಡು ಮೂರು ತಿಂಗಳು ಮುಂದಕ್ಕೆ ಹಾಕ್ತಿದ್ರು, ಜನವರಿ 1977ರ ಪುಸ್ತಕ 1976ರಲ್ಲೇ ಬಂದಿತ್ತು ಅಂತ ಯಾರಾದ್ರೂ ಹೇಳಿದ್ರೆ ಜಗಳ ಆಡ್ಬೇಡಿ.

ಗ್ರೇಡಿಂಗ್ ಬಗ್ಗೆ ಎರಡು ಮಾತು. 0.5ರಿಂದ 10ರವರೆಗೆ ನಂಬರ್, 9.8 ಅಂದ್ರೆ ಹೆಚ್ಚೂಕಮ್ಮಿ ಹೊಸದು, 6 ಅಂದ್ರೆ ಓದಿದಾರೆ ಆದ್ರೆ ನೀಟಾಗಿದೆ, 2 ಅಂದ್ರೆ ಪೂರ್ತಿ ಇದೆ ಆದ್ರೆ ನಲುಗಿದೆ. 2000ದಿಂದ ಸಿಜಿಸಿ ಅನ್ನೋ ಕಂಪನಿ ಪುಸ್ತಕ ಪರೀಕ್ಷೆ ಮಾಡಿ ಗಟ್ಟಿ ಪ್ಲಾಸ್ಟಿಕ್ ಕೇಸಲ್ಲಿ ಸೀಲ್ ಮಾಡಿ ಕೊಡೋಕೆ ಶುರು ಮಾಡ್ತು, ನೀಲಿ ಲೇಬಲ್ ಮಾಮೂಲಿ, ನೇರಳೆ ಇದ್ರೆ ರಿಪೇರಿ ಮಾಡಿದ್ದು, ಹಳದಿ ಅಂದ್ರೆ ಎದುರಿಗೆ ಸಹಿ ಹಾಕಿಸಿದ್ದು. ಲೇಬಲ್ ಮೇಲಿನ ನಂಬರನ್ನ ಅವರ ವೆಬ್‌ಸೈಟಲ್ಲಿ ಹಾಕಿ ನೋಡಿ, ಕೇಸ್ ಅಂಚು ಬಿಚ್ಚಿದ ಗುರುತು ಇದ್ಯಾ ಅಂತಾನೂ ನೋಡಿ, ಕೇಸ್ ತೆಗೆದು ಒಳಗಿನ ಪುಸ್ತಕ ಬದಲಾಯಿಸಿದ ಪ್ರಕರಣಗಳು ಆಗಿವೆ. ನಮಗೆ ಇಲ್ಲಿಂದ ಕಳಿಸಿ ಗ್ರೇಡ್ ಮಾಡಿಸೋದು ದುಬಾರಿ. 13ನೇ ಸೂಪರ್-ಹೀರೋಸ್ ತರದ್ದು ಕೊಳ್ಳೋವಾಗ ಮಾತ್ರ ಗ್ರೇಡ್ ಆಗಿರೋದನ್ನೇ ಕೊಳ್ಳಿ, ಮಿಕ್ಕಿದ್ದನ್ನ 5, 6ರ ಮಟ್ಟದ್ದು ಬಿಡಿಯಾಗಿ ತಗೊಂಡ್ರೆ ಓದಲೂಬಹುದು, ರೇಟೂ ಕಮ್ಮಿ. ಮಂಡ್ಯದ ಗೆಳೆಯನೊಬ್ಬ 9.8ರ ರೇಟ್ ಕೇಳಿ, ಅಷ್ಟ್ ದುಡ್ಗೆ ಒಂದ್ ಜೊತೆ ಹೋರಿ ಬತ್ತಿತ್ತಲ್ಲೋ, ಹೋರಿ ಆದ್ರೆ ಉಳೋಕಾದ್ರೂ ಬತ್ತದೆ, ಇದ್ನ ಮುಟ್ಟಂಗೂ ಇಲ್ವಲ್ಲ ಅಂದ. ಅವನ ಮಾತಲ್ಲಿ ತಪ್ಪಿಲ್ಲ.

ಕೊಳ್ಳೋ ಕ್ರಮ ಹಿಂಗಿದ್ರೆ ಒಳ್ಳೇದು. ಮೊದಲು ಸಂಗ್ರಹ ರೂಪದ ಎಪಿಕ್ ಕಲೆಕ್ಷನ್ ತಗೊಂಡು ಕಥೆ ಓದಿ. ಆಮೇಲೆ 1977ರ ಸರಣಿಯ ಮುಖ್ಯವಲ್ಲದ ಇಶ್ಯೂಗಳು, 4, 11, 13 ಅಂಥವು, ಅಗ್ಗಕ್ಕೆ ಒಟ್ಟಿಗೆ ತರಿಸಿ, ಹಳೇ ಕಾಗದ ಹೆಂಗಿರುತ್ತೆ, ಕೈಯಲ್ಲಿ ಹೆಂಗೆ ಹಿಡೀಬೇಕು ಅನ್ನೋದು ಅದರಲ್ಲಿ ಕೈಗೆ ಹತ್ತುತ್ತೆ. ಆಮೇಲೆ ಎಕ್ಸ್-ಮೆನ್ 164, ಮಿಸ್ ಮಾರ್ವೆಲ್ 1 ಮತ್ತು 20. ಮನಸ್ಸು ಗಟ್ಟಿ ಮಾಡ್ಕೊಂಡ್ಮೇಲೆ ಆನ್ಯುಯಲ್ 10, ಮಿಸ್ ಮಾರ್ವೆಲ್ 18, ಕ್ಯಾಪ್ಟನ್ ಮಾರ್ವೆಲ್ 18.

ಹೊರದೇಶದಿಂದ ತರಿಸುವಾಗ ಪುಸ್ತಕದ ರೇಟಿಗಿಂತ ಶಿಪ್ಪಿಂಗೇ ಜಾಸ್ತಿ ಆಗೋದು ಮಾಮೂಲು, ಒಂದೊಂದೇ ತರಿಸೋ ಬದಲು ಒಬ್ಬನೇ ಸೆಲ್ಲರ್ ಹತ್ರ ಹತ್ತಿಪ್ಪತ್ತು ಒಟ್ಟಿಗೆ ತಗೊಳ್ಳಿ, ಇಬ್ಬರು ಮೂವರು ಸೇರಿ ತರಿಸಿದ್ರೆ ಇನ್ನೂ ವಾಸಿ. ಕಸ್ಟಮ್ಸ್ ಡ್ಯೂಟಿ ಬೀಳಬಹುದು ಅಂತ ಲೆಕ್ಕದಲ್ಲಿ ಮೊದಲೇ ಸೇರಿಸ್ಕೊಳ್ಳಿ, ಗಿಫ್ಟ್ ಅಂತ ಬರೀರಿ, ಬೆಲೆ ಕಮ್ಮಿ ತೋರ್ಸಿ ಅಂತೆಲ್ಲ ಹೇಳೋಕೆ ಹೋಗ್ಬೇಡಿ, ಪಾರ್ಸಲ್ ಕಳೆದುಹೋದ್ರೆ ಆ ಕಮ್ಮಿ ಬೆಲೆಗೇ ಇನ್ಶೂರೆನ್ಸ್ ಸಿಗೋದು. ಎರಡೂ ಕಡೆ ಗಟ್ಟಿ ರಟ್ಟು, ಸುತ್ತ ಪ್ಲಾಸ್ಟಿಕ್ ಇರಲೇಬೇಕು ಅಂತ ಹೇಳಿ, ಜೂನ್ ಜುಲೈನಲ್ಲಿ ತರಿಸೋದನ್ನ ಆದಷ್ಟು ತಪ್ಪಿಸಿ. ಮನೇಲಿ ಹಗಲು ಯಾರೂ ಇರಲ್ಲ ಅಂದ್ರೆ ಪರಿಚಯದ ಅಂಗಡಿ ಅಡ್ರೆಸ್ ಕೊಡಿ, ಗೇಟಿನ ಒಳಗೆ ಎಸೆದು ಹೋದ ಪಾರ್ಸಲ್ ಮಳೇಲಿ ನೆಂದ್ರೆ 9.4 ಅನ್ನೋದು 1.0 ಆಗುತ್ತೆ.

ಬಂದ್ಮೇಲೆ ಇಡೋದು ಹೆಂಗೆ, ಇದನ್ನ ಸ್ವಲ್ಪ ನಿಧಾನಕ್ಕೆ ಓದಿ. ನ್ಯೂಸ್‌ಪ್ರಿಂಟಲ್ಲಿ ಲಿಗ್ನಿನ್ ಅನ್ನೋ ಮರದ ಅಂಶ ಉಳಿದಿರುತ್ತೆ, ಬೆಳಕು, ಬಿಸಿ, ತೇವ ತಾಗಿದಂಗೆ ಅದು ಆಮ್ಲ ಬಿಟ್ಟು ಕಾಗದವನ್ನ ಕಂದು ಮಾಡಿ ಪುಡಿ ಮಾಡುತ್ತೆ. ಮೈಸೂರು ಹವೆ ಅಷ್ಟು ಕೆಟ್ಟದಲ್ಲ, ಮಂಗಳೂರಿಗೆ ಹೋಲಿಸಿದ್ರೆ ಸ್ವರ್ಗ, ಆದ್ರೂ ಮಳೆಗಾಲದಲ್ಲಿ ಗೋಡೆ ತೇವ ಎಳೆಯೋ ಹಳೇ ಮನೆಗಳಿವೆ, ಮಂಡ್ಯ ಕಡೆ ನಾಲೆ ಬಯಲಲ್ಲಿ, ಸುತ್ತ ಗದ್ದೆ ಕಬ್ಬು ಇರೋ ಕಡೆ ಇನ್ನೂ ಜಾಸ್ತಿ. ಸಜ್ಜದ ಮೇಲೆ ಇಡ್ಬೇಡಿ, ಮೇಲಿನ ಆರ್‌ಸಿಸಿ ಬೇಸಿಗೆಯಲ್ಲಿ ಕಾದು ಒಲೆ ಆಗಿರುತ್ತೆ. ನೆಲದ ಮೇಲೂ ಬೇಡ, ಗೆದ್ದಲು. ಹೊರಗಿನ ಗೋಡೆಗೆ ತಾಗದ ಬೀರುವಿನ ನಡುವಿನ ಶೆಲ್ಫು ಒಳ್ಳೇದು, ಬಾತ್‌ರೂಮ್ ಗೋಡೆ ಪಕ್ಕದ ಬೀರು ಬೇಡ.

ಒಂದೊಂದು ಪುಸ್ತಕಕ್ಕೂ ಒಂದು ಪ್ಲಾಸ್ಟಿಕ್ ಕವರು, ಒಳಗೆ ಆಸಿಡ್-ಫ್ರೀ (ಆಮ್ಲ ಇಲ್ಲದ) ಬೋರ್ಡು. ಹಳೇ ಕಾಮಿಕ್ಸ್ ಇವತ್ತಿನವಕ್ಕಿಂತ ಅಗಲ, ಅದಕ್ಕೆ ಸಿಲ್ವರ್ ಏಜ್ ಸೈಜ್ (ಹೆಚ್ಚೂಕಮ್ಮಿ ಅರವತ್ತರ ದಶಕದ್ದು), ಬ್ರಾಂಜ್ ಏಜ್ ಸೈಜ್ (ಎಪ್ಪತ್ತರದ್ದು) ಅಂತ ಬೇರೆ ಬೇರೆ ಸಿಗುತ್ತೆ, ಈಗಿನ ಸೈಜಿಗೆ ತುರುಕಿದ್ರೆ ಮೂಲೆ ಮಡಚುತ್ತೆ. ಸಾದಾ ಪಾಲಿಥಿನ್ ಕವರನ್ನ ಕೆಲವು ವರ್ಷಕ್ಕೊಮ್ಮೆ ಬದಲಾಯಿಸಬೇಕು, ಕಾಸ್ಟ್ಲಿ ಪುಸ್ತಕಕ್ಕೆ ಮೈಲಾರ್ ಅನ್ನೋ ಬಾಳಿಕೆ ಬರೋ ಪ್ಲಾಸ್ಟಿಕ್ಕಿನ ಕವರ್ ಹಾಕಿ. ಸ್ಟೇಷನರಿ ಅಂಗಡಿಯ ಮಾಮೂಲಿ ರಟ್ಟು ಹಾಕಿದ್ರೆ ಆ ರಟ್ಟಿನ ಆಮ್ಲನೇ ಪುಸ್ತಕಕ್ಕೆ ಇಳಿಯುತ್ತೆ, ಅದರ ಬದಲು ಬರೀ ಕವರಲ್ಲಿಟ್ರೂ ವಾಸಿ. ಸೆಲ್ಲೋಟೇಪ್, ಗೋಂದು, ಲ್ಯಾಮಿನೇಶನ್ ಹೆಸರೇ ಎತ್ಬೇಡಿ. ನುಸಿಗುಳಿಗೆಯನ್ನ ಡಬ್ಬದ ಒಳಗೆ ಹಾಕ್ಬೇಡಿ, ಅದರ ಆವಿ ಪ್ಲಾಸ್ಟಿಕ್ಕಿಗೂ ಒಳ್ಳೇದಲ್ಲ, ನಿಮ್ಮ ಮೂಗಿಗೂ ಅಲ್ಲ. ನಮ್ಮೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆ ಇದೆಯಲ್ಲ, ಅಲ್ಲಿ ತಾಳೆಗರಿಗೆ ಎಣ್ಣೆ ಸವರಿ ಕಾಪಾಡ್ತಾರೆ ಅಂತ ಕೇಳಿ ಯಾರಾದ್ರೂ ಕಾಮಿಕ್ಸಿಗೂ ಟ್ರೈ ಮಾಡೋಕೆ ಹೋದೀರಾ, ಕಾಗದಕ್ಕೆ ಎಣ್ಣೆ ಆಗಲ್ಲ. ಸಿಲಿಕಾ ಜೆಲ್ ಪೊಟ್ಟಣ ಸಾಕು, ಬಣ್ಣ ತಿರುಗಿದ ತಕ್ಷಣ ಬದಲಾಯಿಸಿ. ಪುಸ್ತಕಗಳನ್ನ ನಿಲ್ಲಿಸಿ ಇಡಿ, ಮಲಗಿಸಿ ಪೇರಿಸಿದ್ರೆ ಕೆಳಗಿನವು ಸ್ಪೈನ್ ಉರುಳುತ್ತವೆ. ಅಮ್ಮಂದಿರು ರೇಷ್ಮೆ ಸೀರೆಯನ್ನ ಆಗಾಗ ಹೊರಗೆ ತೆಗೆದು ಮಡಿಕೆ ಬದಲಾಯಿಸಿ ಇಡ್ತಾರಲ್ಲ, ಹಂಗೆ ಮಳೆಗಾಲ ಮುಗಿದ ಮೇಲೆ ಒಂದ್ಸಲ ಎಲ್ಲಾ ಹೊರಗೆ ತೆಗೆದು ಫ್ಯಾನ್ ಗಾಳಿಗೆ ಇಡಿ. ಬಿಸಿಲಿಗಲ್ಲ, ಗಾಳಿಗೆ.

ಸಹಿ ಹಾಕಿಸೋದು, ಗೋಡೆಗೆ ಫ್ರೇಮ್ ಹಾಕೋದು ನಿಮ್ಮಿಷ್ಟ. ಕಿಟಕಿ ಎದುರಿನ ಗೋಡೆಗೆ ಹಾಕಿದ್ರೆ ಆ ಕೆಂಪು ಬಣ್ಣ ಎರಡು ಬೇಸಿಗೆಗೆ ಗುಲಾಬಿ ಆಗುತ್ತೆ. ತೋರಿಸಲೇಬೇಕು ಅಂದ್ರೆ ಫ್ಯಾಸಿಮಿಲಿ ಪ್ರತಿಯನ್ನ ಫ್ರೇಮ್ ಮಾಡಿ, ಒರಿಜಿನಲ್ ಬೀರುವಿನಲ್ಲಿ ಇರಲಿ.

ಕೊನೇದಾಗಿ ಒಂದು ಪಟ್ಟಿ ಮಾಡಿಡಿ. ಸರಣಿ, ವರ್ಷ, ಇಶ್ಯೂ ನಂಬರ್, ಕವರ್ ಬೆಲೆ, ನೀವು ಕೊಟ್ಟ ದುಡ್ಡು, ಕೊಂಡ ದಿನ, ಮುಂದೆ ಹಿಂದೆ ಎರಡು ಫೋಟೋ. ಫೋನಲ್ಲಿ ಒಂದು, ಪುಸ್ತಕದ ಡಬ್ಬದಲ್ಲೇ ಪ್ರಿಂಟ್ ಒಂದು. ಮನೇಲಿ ಒಬ್ಬರಿಗಾದ್ರೂ ಡಬ್ಬದಲ್ಲಿ ಏನಿದೆ, ಯಾವುದಕ್ಕೆ ಎಷ್ಟು ಬೆಲೆ ಅಂತ ಹೇಳಿಟ್ಟಿರಿ, ಕೊಟ್ಟ ದುಡ್ಡಿನ ಕಾಲಂ ಮಾತ್ರ ಅವರಿಗೆ ಯಾವಾಗ ತೋರಿಸಬೇಕು ಅನ್ನೋದನ್ನ ನೀವೇ ನೋಡ್ಕೊಳ್ಳಿ.